ಕುರ್ಚಿ ಟೀಚರ್ ಕರಾಟೆ ಕಲಿತದ್ದು

ಕಾಯಿಲೆ ಬಿದ್ದು ಎದ್ದವರು ಬರೆದದ್ದನ್ನು ನಾನೂ ಓದಿದ್ದೇನೆ. ಕಾಯಿಲೆ ಅವರಿಗೆ ತಾಳ್ಮೆ ಕಲಿಸಿತಂತೆ, ಬದುಕಿನ ಬೆಲೆ ತಿಳಿಸಿತಂತೆ, ಮನೆಯವರ ಪ್ರೀತಿ ಎಷ್ಟೆಂದು ತೋರಿಸಿತಂತೆ. ಇರಬಹುದು, ಅವರು ಒಳ್ಳೆಯವರು. ನನಗೆ ಅದು ಕಲಿಸಿದ್ದು ಹೊಟ್ಟೆಕಿಚ್ಚು. ಮೆಟ್ಟಿಲು ಹತ್ತುವವರ ಮೇಲೆ, ಬಸ್ಸು ಬಂತೆಂದು ಓಡುವವರ ಮೇಲೆ, ಕೆಳಗೆ ನೋಡದೆಯೇ ಚಪ್ಪಲಿಗೆ ಕಾಲು ತೂರಿಸುವವರ ಮೇಲೆ, ಕೊನೆಕೊನೆಗೆ ನನ್ನ ಅಂಗನವಾಡಿಯ ಮೂರು ವರ್ಷದ ಮಕ್ಕಳ ಮೇಲೂ. ನನ್ನ ಹಾಗೆ ಮಲಗಿದಲ್ಲಿಂದಲೇ ಪಕ್ಕದವರನ್ನು ನೋಡಿ ಹೊಟ್ಟೆ ಉರಿದುಕೊಂಡು, ಆಮೇಲೆ ಅದಕ್ಕಾಗಿ ನಾಚಿಕೊಳ್ಳುತ್ತಿರುವವರು ಯಾರಾದರೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಳ್ಳೆಯವರು ಬೇರೇನಾದರೂ ಓದಿಕೊಳ್ಳಲಿ.

ನಮ್ಮದು ಶನಿವಾರಸಂತೆಯಿಂದ ಸ್ವಲ್ಪ ಒಳಗಿನ ಊರು. ಭತ್ತ, ಶುಂಠಿ, ಒಂದಿಷ್ಟು ಕಾಫಿ. ನಾನು ಊರಿನ ಅಂಗನವಾಡಿಯಲ್ಲಿ ಟೀಚರ್. ಕಾಯಿಲೆ ಶುರುವಾಗುವ ಹಿಂದಿನ ವಾರ ಹೊಟ್ಟೆ ಕೆಟ್ಟು ಜ್ವರ ಬಂದು ಹೋಗಿತ್ತು. ಆಮೇಲೆ ಅಂಗಾಲಲ್ಲಿ ಜೋಮು ಹಿಡಿದದ್ದು ಬಿಡಲೇ ಇಲ್ಲ. ಗದ್ದೆ ಕೆಸರಲ್ಲಿ ನಿಂತದ್ದಕ್ಕೆ ಎಂದುಕೊಂಡು ಬಿಸಿನೀರಲ್ಲಿ ಕಾಲಿಟ್ಟು ಸುಮ್ಮನಾದೆ. ಒಂದು ದಿನ ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ಹುಣಸೆಬೀಜ ಎಣಿಸುವುದನ್ನು ಹೇಳಿಕೊಡುತ್ತಿದ್ದೆ. ಊಟದ ಹೊತ್ತಾಯಿತೆಂದು ಏಳಹೋದರೆ ಕಾಲು ನನ್ನ ಮಾತು ಕೇಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ. ಮಕ್ಕಳು ಇದು ಹೊಸ ಆಟವೆಂದುಕೊಂಡು ಎರಡೂ ಕಡೆ ಕೈ ಹಿಡಿದು "ಐಸಾ" ಎಂದು ಎಳೆಯತೊಡಗಿದವು. ನಾನೂ ನಗುತ್ತಿದ್ದೆ. ನಗುತ್ತಲೇ ಅಡುಗೆಕೋಣೆಯ ಕಡೆಗೆ ಕೂಗಿದೆ. ಸಹಾಯಕಿ ಗಿರಿಜಕ್ಕ ಸೌಟು ಹಿಡಿದೇ ಓಡಿ ಬಂದು ನನ್ನನ್ನು ಎತ್ತಿ ಗೋಡೆಗೆ ಒರಗಿಸಿದಳು.

ಮನೆಯಲ್ಲಿ ಅತ್ತೆ ಮೊದಲು ಮಾಡಿದ ಕೆಲಸ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದು. ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ತಗುಲಿದ್ದು ಖಂಡಿತ ಎಂಬ ಲೆಕ್ಕ. ಘಾಟು ಬರಲಿಲ್ಲವಂತೆ.

"ನಾನ್ ಹೇಳ್ನಿಲ್ವಾ? ಯಾರೋ ಹೊಟ್ಟೆಕಿಚ್ಚಿನ ಮುಂಡೇವ್ರ ಕಣ್ಣು ಬಿದ್ದದೆ. ಆ ಪಾಟಿ ಓಡಾಡ್ಕಂಡಿದ್ಲು, ಸುಮ್ನೆ ಬಿಟ್ಟಾರಾ?" ಎಂದರು.

ಮಾರನೆಯ ದಿನ ಕೈಯಲ್ಲೂ ಬಲ ಹೋಯಿತು. ಮಡಿಕೇರಿಗೆ ಹೋದೆವು. ಅಲ್ಲಿನ ಡಾಕ್ಟರು ಮೊಣಕಾಲಿಗೆ ಸುತ್ತಿಗೆಯಲ್ಲಿ ತಟ್ಟಿ ನೋಡಿ, ತಡ ಮಾಡದೆ ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಮೈಸೂರಿನ ಆಸ್ಪತ್ರೆಯ ಪಡಸಾಲೆಯಲ್ಲಿ ಸ್ಟ್ರೆಚರ್ ಮೇಲೆ ಮಲಗಿ ಕಾದದ್ದು ನನಗೆ ಈಗಲೂ ಚೆನ್ನಾಗಿ ನೆನಪಿದೆ. ಮಲಗಿದವರಿಗೆ ಕಾಣುವುದು ಚಾವಣಿ ಮತ್ತು ಹೋಗಿಬರುವವರ ಗದ್ದ. ನಮ್ಮನೆಯವರು ಎಕ್ಸ್‌ರೇ ಕವರನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಿಂತಿದ್ದರು. ಶುಂಠಿ ಹೊಲದಲ್ಲಿ ಹತ್ತು ಆಳಿಗೆ ಕೂಗಿ ಕೆಲಸ ಹೇಳುವ ಮನುಷ್ಯ, ನರ್ಸು ಏನು ಕೇಳಿದರೂ "ಹೂಂ ಮೇಡಂ" ಎನ್ನುತ್ತಿದ್ದರು. ಕಾಯಿಲೆಗೆ ಗಿಲನ್ ಬಾರಿ, ಚಿಕ್ಕದಾಗಿ ಜಿಬಿ ಸಿಂಡ್ರೋಮ್ ಎಂದು ಹೆಸರು. ನಮ್ಮದೇ ಮೈ ನಮ್ಮ ನರಗಳ ಮೇಲೆ ತಿರುಗಿ ಬೀಳುತ್ತದಂತೆ. ಫೋನಿನಲ್ಲಿ ಅತ್ತೆಗೆ ಅದು ಗಿಲಿಬಾರಿ ಎಂದು ಕೇಳಿಸಿ, ಇವತ್ತಿಗೂ ನಮ್ಮ ಮನೆಯಲ್ಲಿ ಅದು ಗಿಲಿಬಾರಿಯೇ.

ಉಸಿರಾಟಕ್ಕೂ ಬರಬಹುದು ಎಂದು ಡಾಕ್ಟರು ಬೆಳಿಗ್ಗೆ ಸಂಜೆ ಬಂದು, ಒಂದೇ ಉಸಿರಲ್ಲಿ ಎಷ್ಟು ಎಣಿಸಬಲ್ಲಿರಿ ನೋಡೋಣ ಎನ್ನುತ್ತಿದ್ದರು. ಮಕ್ಕಳಿಗೆ ಎಣಿಕೆ ಕಲಿಸುವ ನಾನು ಆ ಪರೀಕ್ಷೆಗೆ ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ. ಎಣಿಕೆ ಇಳಿಯುತ್ತಾ ಬಂತು, ಡ್ರಿಪ್ಪಿನಲ್ಲಿ ಔಷಧ ಹೋಯಿತು, ಎಣಿಕೆ ಒಂದು ಕಡೆ ನಿಂತಿತು, ಆಮೇಲೆ ಮೆಲ್ಲಗೆ ಏರಿತು. ಆ ದಿನಗಳಲ್ಲಿ ನನಗೆ ಪಕ್ಕದ ಹಾಸಿಗೆಯ ಹೆಂಗಸಿನ ಮೇಲೆ ಅಸೂಯೆ. ಅವಳಿಗೂ ದೊಡ್ಡ ಕಾಯಿಲೆಯೇ, ಆದರೆ ಅವಳು ತನ್ನ ಮೂಗನ್ನು ತಾನೇ ಕೆರೆದುಕೊಳ್ಳುತ್ತಿದ್ದಳು. ಕೈಲಾಗದವರು ಮೈ ಪರಚಿಕೊಂಡರಂತೆ ಎಂದು ಗಾದೆ. ನನ್ನ ಕೈಯಲ್ಲಿ ಅದೂ ಆಗುತ್ತಿರಲಿಲ್ಲ.

ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವಂತಿಲ್ಲ. ಹಾಗಾಗಿ ನನ್ನ ಜೊತೆ ಉಳಿದವಳು ಕಾವ್ಯ, ನನ್ನ ಮೈದುನನ ಹೆಂಡತಿ. ಹಾಸನ ಪೇಟೆಯಲ್ಲಿ ಬೆಳೆದ ಹುಡುಗಿ. ನಮ್ಮ ಮನೆಗೆ ಬಂದು ಕೆಲವು ವರ್ಷ ಆಗಿತ್ತು, ಮಕ್ಕಳಾಗಿರಲಿಲ್ಲ. ಅದುವರೆಗೆ ನಾವಿಬ್ಬರೂ ವಾರಗಿತ್ತಿಯರು ಹೇಗಿರಬೇಕೋ ಹಾಗಿದ್ದೆವು, ಅಂದರೆ ನಗುನಗುತ್ತಾ ದೂರ. ಈಗ ಅವಳು ನನ್ನ ತಲೆ ಬಾಚಿದಳು, ಮೈ ಒರೆಸಿದಳು, ಬೆಡ್‌ಪ್ಯಾನ್ ಇಟ್ಟಳು, ತೆಗೆದಳು. ನನ್ನ ಮೂಗು ತುರಿಸುತ್ತಿದೆ ಎಂದು ನಾನು ಹೇಳುವ ಮೊದಲೇ ಅವಳಿಗೆ ಹೇಗೋ ತಿಳಿಯುತ್ತಿತ್ತು. ಸೆರಗಿನ ತುದಿಯಿಂದ ಮೆಲ್ಲಗೆ ಉಜ್ಜಿ "ಇಲ್ಲೇನಕ್ಕ?" ಎನ್ನುತ್ತಿದ್ದಳು. ದೇವರು ಎಲ್ಲೋ ಇದ್ದಾನೆ ಅನಿಸುತ್ತಿದ್ದದ್ದು ಆಗ ಮಾತ್ರ. ಅವಳ ಋಣ ತೀರಿಸಲಾರೆ ಎಂದು ಅತ್ತದ್ದುಂಟು. ತೀರಿಸಲಾಗದ ಋಣ ಎಷ್ಟು ಬೇಗ ಕಹಿಯಾಗುತ್ತದೆ ಎನ್ನುವುದು ಮನೆಗೆ ಬಂದ ಮೇಲೆ ತಿಳಿಯಿತು.

ಮನೆಯಲ್ಲಿ ನನ್ನ ಅಡುಗೆಮನೆ ತಿರುಗಿ ನಿಂತಿತ್ತು. ಸಾಸಿವೆ ಇರುವಲ್ಲಿ ಜೀರಿಗೆ, ಉಪ್ಪಿನ ಭರಣಿ ಎಡಗಡೆ. ನಾನು ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಒಳಗಿನ ಸದ್ದು ಕೇಳಬೇಕು. ನನ್ನ ಮಗಳು ಸಿರಿ ಆಗ ಐದನೇ ಕ್ಲಾಸು. ಸ್ಕೂಲಿಂದ ಬಂದವಳು ನನ್ನ ಹತ್ತಿರ ಬಂದು "ಅಮ್ಮ, ಹೇಗಿದೀಯ?" ಎಂದು ಕೇಳುತ್ತಿದ್ದಳು, ನೆಂಟರನ್ನು ಕೇಳುವ ಹಾಗೆ. ಆಮೇಲೆ ಬ್ಯಾಗು ಎಸೆದು ಒಳಗೆ ಓಡಿ "ಚಿಕ್ಕಮ್ಮಾ, ಏನಾಯ್ತು ಗೊತ್ತಾ ಇವತ್ತು..." ಎಂದು ಶುರುಮಾಡುತ್ತಿದ್ದಳು. ಏನಾಯಿತು ಎಂಬುದು ನನಗೆ ಕೇಳಿಸುತ್ತಿರಲಿಲ್ಲ. ಕಾವ್ಯಳ ನಗು ಮಾತ್ರ ಕೇಳಿಸುತ್ತಿತ್ತು. ರಾತ್ರಿ ಊಟಕ್ಕೆ ಅತ್ತೆ ರೊಟ್ಟಿ ಮುರಿಯುತ್ತಾ, "ಕಾವ್ಯನ ಕೈಯಲ್ಲಿ ರೊಟ್ಟಿ ಎಷ್ಟು ತೆಳ್ಳಗೆ ಬತ್ತವೆ ನೋಡವ್ವ" ಎಂದು ನನ್ನನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ರೊಟ್ಟಿ ನಿಜವಾಗಿಯೂ ತೆಳ್ಳಗಿರುತ್ತಿತ್ತು, ಅದೇ ಕಷ್ಟ.

ವಾರಕ್ಕೊಮ್ಮೆ ಮಡಿಕೇರಿಗೆ ಫಿಸಿಯೋಥೆರಪಿಗೆ ಹೋಗುತ್ತಿದ್ದೆ. ಅಲ್ಲಿನ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಮಂಡಿ ಆಪರೇಷನ್ ಆದ ಒಬ್ಬ ನಿವೃತ್ತ ಮೇಷ್ಟರು. ಅವರು ನನ್ನ ಕಣ್ಣೆದುರೇ ವಾಕರ್ ಬಿಟ್ಟರು, ಆಮೇಲೆ ಕೋಲು ಬಿಟ್ಟರು, ಒಂದು ವಾರ ಬರುವುದನ್ನೇ ಬಿಟ್ಟರು. ಅವರಿಗೆ ಒಳ್ಳೆಯದಾಯಿತು ಎಂದು ಬೆಂಚಿನಲ್ಲಿದ್ದವರೆಲ್ಲ ಸಂತೋಷಪಟ್ಟರು. ನಾನು ಗೋಡೆಯ ಮೇಲಿನ ಬೆನ್ನುಮೂಳೆಯ ಚಿತ್ರ ನೋಡುತ್ತಾ ಕೂತೆ.

ನನಗೂ ಗುಣವಾಗುತ್ತಿತ್ತು. ಸುಳ್ಳು ಹೇಳಬಾರದು. ಕೈ ಬಂತು, ಚಮಚ ಹಿಡಿದೆ, ಗೋಡೆ ಹಿಡಿದು ನಡೆದೆ, ಗೋಡೆ ಬಿಟ್ಟು ನಡೆದೆ. ಅಂಗನವಾಡಿಗೂ ವಾಪಸು ಹೋದೆ. ಅಲ್ಲಿಗೆ ಬಂದು ಎಲ್ಲ ನಿಂತುಬಿಟ್ಟಿತು. ನೆಲದಲ್ಲಿ ಕೂತರೆ ಏಳಲು ಆಗದು. ತಿಂಗಳುಗಟ್ಟಲೆ ಅದೇ ರಬ್ಬರ್ ಪಟ್ಟಿ ಎಳೆದೆ, ಅದೇ ಮೆಟ್ಟಿಲು ಹತ್ತಿ ಇಳಿದೆ, ಕೂತರೆ ಮಾತ್ರ ಕೂತಲ್ಲೇ. ಮಕ್ಕಳೆಲ್ಲ ಚಾಪೆಯಲ್ಲಿ, ನಾನು ಕುರ್ಚಿಯಲ್ಲಿ. ಅವು ನನಗೆ ಕುರ್ಚಿ ಟೀಚರ್ ಎಂದು ಹೆಸರಿಟ್ಟವು. ಮೂರು ವರ್ಷದ ಒಂದು ಹುಡುಗಿ ಎರಡೂ ಅಂಗೈ ನೆಲಕ್ಕೆ ಊರಿ, ಹಿಂಭಾಗ ಮೇಲೆತ್ತಿ, ಟಣ್ಣನೆ ಎದ್ದು ನಿಲ್ಲುತ್ತಿದ್ದಳು. ಅವಳು ಏಳುವಾಗೆಲ್ಲ ನಾನು ಹಲ್ಲು ಕಚ್ಚುತ್ತಿದ್ದೆ. ಅಂಗನವಾಡಿ ಟೀಚರ್‌ಗೆ ನೆಲವಿಲ್ಲದಿದ್ದರೆ ಇನ್ನೇನಿದೆ? ಮಗು ಅಳುವುದು ನೆಲದಲ್ಲಿ, ಆಡುವುದು ನೆಲದಲ್ಲಿ, ನಿದ್ದೆ ಹೋಗುವುದು ನೆಲದಲ್ಲಿ. ಅಲ್ಲಿಗೆ ಇಳಿಯಲಾಗದಿದ್ದರೆ ಕೆಲಸ ಬಿಟ್ಟುಕೊಡಬೇಕೆಂದು ನನಗೆ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಮನೆಯಲ್ಲಿ ನೆಲಕ್ಕೆ ಕೂತಾಗ ಎಬ್ಬಿಸುವವಳು ಕಾವ್ಯ. ಎದುರಿಗೆ ನಿಂತು ಎರಡೂ ಕೈ ಚಾಚಿ "ಹೂಂ, ಏಳಕ್ಕ" ಎನ್ನುವಳು. ಅವಳ ಕೈ ಬೆಚ್ಚಗಿರುತ್ತಿತ್ತು, ಬಲವಾಗಿರುತ್ತಿತ್ತು. ಒಮ್ಮೆಯೂ ಮುಖ ಸಿಂಡರಿಸಿದವಳಲ್ಲ. ಒಂದು ಸಲವಾದರೂ ಸಿಂಡರಿಸಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಫಿಸಿಯೋ ಹುಡುಗಿ ವಿರಾಜಪೇಟೆ ಕಡೆಯವಳು, ಮಾತು ಪಟಪಟ. ಒಂದು ದಿನ ರಬ್ಬರ್ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಸುತ್ತಿಟ್ಟಳು. "ಆಂಟಿ, ನಿಮ್ಮ ಮೈಗೆ ಇದು ಬಾಯಿಪಾಠ ಆಗ್ಬಿಟ್ಟಿದೆ. ನಿಮ್ಮ ಮಕ್ಕಳು ಬಾಯಿಪಾಠ ಒಪ್ಪಿಸುವಾಗ ಯೋಚ್ನೆ ಮಾಡ್ತಾರಾ? ಇಲ್ಲ ಅಲ್ವಾ. ನಿಮ್ಮ ಕಾಲೂ ಹಾಗೇ. ಎಂತಾದ್ರೂ ಬೇರೆ ಮಾಡ್ಬೇಕು. ಹಿಂದಕ್ಕೆ ನಡೀಬೇಕು, ಸೈಡಿಗೆ ಹೋಗ್ಬೇಕು, ತಿರುಗ್ಬೇಕು, ಯಾರನ್ನಾದ್ರೂ ತಳ್ಳಬೇಕು. ನಿಮ್ಮ ಊರಲ್ಲಿ ಕರಾಟೆ ಕ್ಲಾಸ್ ಇಲ್ವಾ?"

ಇತ್ತು. ಭಾನುವಾರ ಬೆಳಿಗ್ಗೆ ಶನಿವಾರಸಂತೆಯ ಸಮುದಾಯ ಭವನದಲ್ಲಿ. ಸಿರಿಯೇ ಅಲ್ಲಿಗೆ ಹೋಗುತ್ತಿದ್ದಳು. ಮೈಸೂರಿನ ಡಾಕ್ಟರನ್ನು ಕೇಳಿದೆವು. ಸುಸ್ತಾಗುವ ಮೊದಲೇ ನಿಲ್ಲಿಸುವುದಾದರೆ ಅಡ್ಡಿಯಿಲ್ಲ ಎಂದರು. ಅತ್ತೆ ಮಾತ್ರ "ಎರಡು ಕಾಲಲ್ಲಿ ನೆಟ್ಟಗೆ ನಿಲ್ಲಕಾಗಲ್ಲ, ಒದೆಯಕ್ಕೆ ಹೋಯ್ತಾಳಂತೆ" ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ನನ್ನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗಲು ಒಬ್ಬರು ಬೇಕಲ್ಲ, ಕಾವ್ಯ ಬಂದಳು.

ಅಲ್ಲಿ ಕರಾಟೆ ಕಲಿಸುವ ಶಾಜಿ ಮಾಸ್ಟರ್ ನೆಲ್ಯಹುದಿಕೇರಿಯವರು. ಮನೆಮಾತು ಮಲಯಾಳಂ. ನನ್ನನ್ನು ಚೇಚಿ, ಅಂದರೆ ಅಕ್ಕ ಎಂದೇ ಕರೆದರು. ನನ್ನ ಕಥೆಯನ್ನೆಲ್ಲ ಕೇಳಿ, ಪಾಪ ಎನ್ನದೆ, "ಚೇಚಿ, ನಿಮಗೆ ಬೀಳೋದಿಕ್ಕೆ ಬರ್ತದಾ?" ಎಂದು ಕೇಳಿದರು. ಬೀಳದಿರಲೆಂದು ತಾನೇ ಇಷ್ಟು ದಿನ ಒದ್ದಾಡಿದ್ದು ಎಂದೆ. "ಪೇಡಿ ಬೇಡ. ಫಸ್ಟ್ ಬೀಳೋದು ಕಲೀಬೇಕು. ಬೀಳೋ ಪೇಡಿ ಹೋದ್ರೆ ಏಳೋದು ತನ್ನಿಂತಾನೇ ಬರ್ತದೆ" ಎಂದರು. ಪೇಡಿ ಎಂದರೆ ಹೆದರಿಕೆ. ಕಾಫಿ ಒಣಗಿಸುವ ಟಾರ್ಪಾಲನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ನನಗೆ ಬೀಳುವುದನ್ನು ಹೇಳಿಕೊಟ್ಟರು. ಗದ್ದ ಎದೆಗೆ ಒತ್ತಿ, ಪಕ್ಕಕ್ಕೆ ಉರುಳಿ, ಅಂಗೈಯಿಂದ ನೆಲಕ್ಕೆ ಬಡಿದು. ಮಂಡಿಯ ಎತ್ತರದಿಂದ ಶುರು. ಮೊದಲ ದಿನ ಬಿದ್ದಾಗ ಕಣ್ಣಲ್ಲಿ ನೀರು ಬಂತು, ನೋವಿಗಲ್ಲ, ಸಿಟ್ಟಿಗೆ. ಎಬ್ಬಿಸಲು ಯಥಾಪ್ರಕಾರ ಬಾಗಿಲ ಬಳಿಯಿಂದ ಕಾವ್ಯ ಓಡಿ ಬಂದಳು.

"ನೀವೂ ನಿಲ್ಲಿ ಲೈನಿಗೆ. ಸುಮ್ನೆ ಯಾಕೆ ಹೊರಗೆ ಕೂರೋದು?" ಎಂದು ಮಾಸ್ಟರ್ ಅವಳಿಗೂ ಹೇಳಿದರು. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಆ ಕ್ಲಾಸಿನಲ್ಲಿ ಒಂದು ವಾರ ಮಾಡಿದ್ದು ಮುಂದಿನ ವಾರ ಇರುತ್ತಿರಲಿಲ್ಲ. ಒಂದು ಭಾನುವಾರ ಹಿಂದಕ್ಕೆ ನಡೆಯುವುದು, ಇನ್ನೊಂದು ಭಾನುವಾರ ಟವೆಲ್ಲಿನ ಎರಡು ತುದಿ ಹಿಡಿದು ಜಗ್ಗಾಡುವುದು, ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲುವುದು, ಕುದುರೆ ಸವಾರನ ಹಾಗೆ ಕಾಲಗಲಿಸಿ ಕುಗ್ಗಿ ನಿಂತು ಮುಷ್ಟಿ ಬೀಸುವುದು. ಮೈ ಒಂದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಮಾಸ್ಟರ್ ಅದನ್ನು ಬದಲಿಸುತ್ತಿದ್ದರು. "ಮೈ ಕಳ್ಳ, ಚೇಚಿ. ದಾರಿ ಗೊತ್ತಾದ್ರೆ ಮಲಗಿಬಿಡ್ತದೆ" ಎನ್ನುವರು. ಎಷ್ಟೋ ತಿಂಗಳಿಂದ ಕಲ್ಲಿನಂತೆ ನಿಂತಿದ್ದ ನನ್ನ ಕಾಲಿಗೆ ಎರಡು ತಿಂಗಳಲ್ಲಿ ಚಳಿ ಬಿಟ್ಟಿತು. ಅಂಗನವಾಡಿಯ ಮೆಟ್ಟಿಲನ್ನು ಕಂಬ ಹಿಡಿಯದೆ ಹತ್ತಿದೆ. ಹಿಮ್ಮಡಿಯ ಮೇಲೆ ತಿರುಗಿದೆ. ಹೆಬ್ಬೆರಳು ನಾನು ಹೇಳಿದಂತೆ ಮೇಲೆದ್ದಿತು. ಯಾರಿಗಾದರೂ ತೋರಿಸಬೇಕೆಂದು ಆಚೀಚೆ ನೋಡಿದರೆ, ಎಲ್ಲರೂ ಕಾವ್ಯಳನ್ನು ನೋಡುತ್ತಿದ್ದರು.

ಅವಳು ಹುಟ್ಟಿದ್ದೇ ಅದಕ್ಕೆ ಎನ್ನುವಂತೆ ಕಲಿತಳು. ಕಾಲೆತ್ತಿದರೆ ಭುಜದ ಮಟ್ಟಕ್ಕೆ. ಮುಷ್ಟಿ ಬೀಸಿದರೆ ಬಿಳಿ ಅಂಗಿಯ ತೋಳು ಪಟ್ಟೆಂದು ಸದ್ದು ಮಾಡುತ್ತಿತ್ತು. ನಾನು ತೊಟ್ಟ ಬಿಳಿ ಅಂಗಿ ಆಸ್ಪತ್ರೆಯ ಗೌನಿನ ತಂಗಿಯಂತಿತ್ತು, ಅವಳ ಮೈಮೇಲೆ ಅದೇ ಅಂಗಿ ಇಸ್ತ್ರಿ ಮಾಡಿಸಿದ ಧ್ವಜ. ಕ್ಲಾಸಿಗೆ ಸೇರಿದ್ದು ನಾನು, ಕಾಯಿಲೆ ನನ್ನದು, ಬಾಯಿಪಾಠ ಬಿಡಿಸಿಕೊಳ್ಳಬೇಕಾದ ಕಾಲು ನನ್ನದು. ಹಳದಿ ಬೆಲ್ಟಿನ ಪರೀಕ್ಷೆಗೆ ಮಾಸ್ಟರ್ ಹೆಸರು ಬರೆದುಕೊಂಡದ್ದು ಅವಳದು. ಸಿರಿ ಮನೆಯಲ್ಲಿ ಅವಳ ಕೈ ಹಿಡಿದು ಕುಣಿದಾಡಿದಳು. ನನ್ನ ಹೊಟ್ಟೆಯೊಳಗೆ ಯಾರೋ ಕೆಂಡ ಕೆದಕಿದ ಹಾಗಾಯಿತು.

ಅದೇ ವಾರ ಕಾವ್ಯಳ ಕಾಲು ಉಳುಕಿತು. ಹಿತ್ತಲಲ್ಲಿ ಒದೆಯುವುದನ್ನು ಅಭ್ಯಾಸ ಮಾಡುತ್ತಿದ್ದಳು. ಅತ್ತೆ ತಕ್ಷಣ ಉಪ್ಪು ಮೆಣಸಿನಕಾಯಿ ತಂದರು, ನಿವಾಳಿಸಿದರು, ಒಲೆಗೆ ಎಸೆದರು, ಮೂಗರಳಿಸಿ ನಿಂತರು. ಘಾಟಿಲ್ಲ.

"ನೋಡಿದ್ಯಾ, ಯಾರೋ ಕಣ್ಣು ಹಾಕವ್ರೆ. ಯಾರ ಕಣ್ಣೋ ಏನೋ, ಸೀದು ಹೋಗ್ಲಿ" ಎಂದು ನನ್ನ ಕಡೆ ತಿರುಗಿದರು.

"ಯಾರೋ ಏನೋ ಅತ್ತೆ" ಎಂದೆ. ಒಲೆಯಿಂದ ದೂರ ಇರುವ ಕುರ್ಚಿ ನೋಡಿಕೊಂಡು ಕೂತೆ.

ಕರಾಟೆಯಲ್ಲಿ ಹೊಡೆತದ ಜೊತೆ ಹೊಟ್ಟೆಯಿಂದ ಒಂದು ಕೂಗು ಬರಬೇಕು. ಅದು ನನಗೆ ಬರುತ್ತಿರಲಿಲ್ಲ. ಕಾಯಿಲೆಯ ನಂತರ ನನ್ನ ದನಿ ತೆಳ್ಳಗಾಗಿತ್ತು. ನಾನು ಕೂಗಿದರೆ ಮಕ್ಕಳು ನಗುತ್ತಿದ್ದರು. ಕಾವ್ಯಳದು ಚೂಪಾದ ಕೂಗು, ಕಿಟಕಿಯ ಗಾಜು ಅದುರುವಂಥದು. ಕಾಲು ಸರಿಹೋಗಿ ಅವಳು ಕ್ಲಾಸಿಗೆ ಬಂದ ಮೊದಲ ಭಾನುವಾರ ಮಾಸ್ಟರ್, "ಎಲ್ಲರೂ ಕಾವ್ಯನ ನೋಡಿ. ಕೂಗು ಅಂದ್ರೆ ಹೀಗೆ" ಎಂದರು. ನನಗೆ ಎಲ್ಲಿತ್ತೋ ಸಿಟ್ಟು. ಮುಷ್ಟಿ ಬೀಸುತ್ತಾ ಬಾಯಿ ತೆರೆದೆ. ಬಂದದ್ದು ಕರಾಟೆಯ ಕೂಗಲ್ಲ. ನನ್ನ ತವರು ಕಾಡಂಚಿನ ಊರು. ಭತ್ತ ತೆನೆಯಾಗುವ ಕಾಲದಲ್ಲಿ ಅಪ್ಪನ ಜೊತೆ ಅಟ್ಟಣೆಯ ಮೇಲೆ ಕೂತು ಗದ್ದೆ ಕಾಯುತ್ತಾ ಬೆಳೆದವಳು. ಆನೆ ಇಳಿದರೆ ಮೂರು ಗದ್ದೆಯ ಆಚೆಯವರಿಗೂ ಕೇಳುವಂತೆ ಕೂಗುವ ಕೂಗೊಂದಿದೆ. ಅದು ಬಂತು. "ಓ...ಹೋಯ್... ಹೋಹೋಹೋಯ್!"

ಹೊರಗೆ ಟೀ ಅಂಗಡಿಯ ಶಟರ್ ದಡಾರನೆ ಇಳಿಯಿತು. ಆಮೇಲೆ ಪಕ್ಕದ ಅಂಗಡಿಯದು, ಅದರ ಪಕ್ಕದ್ದು. ಯಾರೋ "ಗೇಟ್ ಹಾಕ್ರೋ, ಹೆಂಗಸ್ರು ಮಕ್ಕಳು ಒಳಗವ್ರೆ" ಎಂದರು. ಯಾರೋ ಒಬ್ಬರು ಪಟಾಕಿ ಹೊಡೆದೇ ಬಿಟ್ಟರು. ಮಾಸ್ಟರ್ ಫೋನ್ ತೆಗೆದು ನೋಡಿದರೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಆಗಲೇ ಬಂದಿತ್ತು, ಸಮುದಾಯ ಭವನದ ಹಿಂದೆ ಒಂಟಿ ಸಲಗ, ಯಾರೂ ಮನೆಯಿಂದ ಹೊರಬರಬೇಡಿ ಎಂದು. ಒಬ್ಬರು ತಾನು ಕಣ್ಣಾರೆ ಕಂಡೆ, ದಂತ ಇಷ್ಟುದ್ದ ಇದೆ ಎಂದೂ ಹಾಕಿದ್ದರು. ಅರಣ್ಯದವರ ಜೀಪು ಬಂದು, ವಿಷಯ ತಿಳಿದು, ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ಹೋಯಿತು. ಮಾಸ್ಟರ್ ಗೋಡೆ ಹಿಡಿದುಕೊಂಡು ನಕ್ಕರು. "ಚೇಚಿ, ಈ ಶಬ್ದ ಇಷ್ಟು ದಿನ ಎಲ್ಲಿ ಇಟ್ಟಿದ್ರಿ?" ಎಂದು ಕೇಳಿದರು. ಸಿರಿ ಎಲ್ಲರಿಗೂ "ಅದು ನಮ್ಮಮ್ಮ, ನಮ್ಮಮ್ಮ" ಎಂದು ಹೇಳಿಕೊಂಡು ಓಡಾಡಿದಳು. ಕಾವ್ಯ ಹಾಸನ ಪೇಟೆಯವಳು, ಆ ಕೂಗು ಅವಳಿಗೆ ಏನು ಮಾಡಿದರೂ ಬರಲಿಲ್ಲ. ಪ್ರಯತ್ನಿಸಿ ಕೆಮ್ಮಿದಳು. ಆ ವಾರವೆಲ್ಲ ನನಗೆ ಊಟ ರುಚಿಸಿತು.

ಆದರೆ ನೆಲ ನೆಲವಾಗಿಯೇ ಇತ್ತು. ಕೂಗು ಬಂತು, ಕಾಲು ಬಂತು, ಬೀಳುವುದೂ ಬಂತು. ಬಿದ್ದ ಮೇಲೆ ಒಂದು ಮಂಡಿಯವರೆಗೆ ಏರುತ್ತಿದ್ದೆ, ಅಲ್ಲಿಂದ ಮುಂದಕ್ಕೆ ಕಾವ್ಯಳ ಕೈ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಟಾರ್ಪಾಲು ಡೊಂಕು, ಅಂಗಿ ಉದ್ದ, ಬೆಳಿಗ್ಗೆ ತಿಂದದ್ದು ಹೆಚ್ಚಾಯಿತು ಎಂದೆಲ್ಲ ಅಂದೆ. ಅಂಗನವಾಡಿಯಲ್ಲಿ ಹೊಸ ವರ್ಷಕ್ಕೆ ಮಕ್ಕಳನ್ನು ಸೇರಿಸಿಕೊಳ್ಳುವ ಕಾಲ ಹತ್ತಿರ ಬರುತ್ತಿತ್ತು. ಇನ್ನೊಂದು ವರ್ಷ ಕುರ್ಚಿಯ ಮೇಲಿಂದ ಪಾಠ ಮಾಡಲಾರೆ, ಆಗದಿದ್ದರೆ ಬಿಟ್ಟುಬಿಡುತ್ತೇನೆ ಎಂದು ಗಿರಿಜಕ್ಕನಿಗೆ ಹೇಳಿಬಿಟ್ಟೆ. ಅವಳು ಪಾತ್ರೆ ಉಜ್ಜುತ್ತಲೇ ಇದ್ದಳು.

ಕಾವ್ಯಳ ಪರೀಕ್ಷೆಗೆ ಮುಂಚಿನ ಭಾನುವಾರ ಮಾಸ್ಟರ್ ಜೋಡಿ ಆಟ ಆಡಿಸಿದರು. ಇಬ್ಬರು ಎದುರುಬದುರು ನಿಂತು ಒಬ್ಬರನ್ನೊಬ್ಬರು ಮುಟ್ಟಬೇಕು, ಜೋರಾಗಿ ಹೊಡೆಯುವಂತಿಲ್ಲ. ನನಗೆ ಜೋಡಿಯಾಗಿ ಕಾವ್ಯಳನ್ನು ನಿಲ್ಲಿಸಿದರು. ಮಕ್ಕಳೆಲ್ಲ ಸುತ್ತ ಕೂತರು. ನಾನು ಕೈ ಬೀಸಿದೆ, ಅವಳ ಭುಜಕ್ಕೆ ತಗುಲಿತು. ಮತ್ತೆ ಬೀಸಿದೆ, ಮತ್ತೆ ತಗುಲಿತು. ಅವಳ ಮುಷ್ಟಿ ನನ್ನ ಹತ್ತಿರ ಬಂದು, ಅಲ್ಲೇ ನಿಂತು, ಹಿಂದೆ ಹೋಗುತ್ತಿತ್ತು. ಆಗ ಸಿರಿ ಕೂತಲ್ಲಿಂದ, "ಚಿಕ್ಕಮ್ಮಾ, ಮೆಲ್ಲಗೆ! ಅಮ್ಮಂಗೆ ಆಗಲ್ಲ!" ಎಂದು ಕೂಗಿದಳು.

"ನಂಗೆ ಬಿಟ್ಟುಕೊಡ್ತಾ ಇದೀಯಾ?" ಎಂದೆ.

"ಇಲ್ಲಕ್ಕ."

"ಸುಳ್ಳು ಹೇಳ್ಬೇಡ. ನಿಂಗೆ ಬರೋದನ್ನ ಆಡು."

ಎರಡೂ ಕೈಯಿಂದ ಅವಳ ಎದೆಗೆ ತಳ್ಳಿದೆ. ಅದು ಆಟದ ತಳ್ಳಾಟವಲ್ಲ, ಅವಳಿಗೂ ಗೊತ್ತಾಯಿತು. ಅಷ್ಟು ದಿನದ ಅಭ್ಯಾಸ, ಅವಳ ಕಾಲು ತಾನಾಗಿ ಬಂದು ನನ್ನ ಕಾಲನ್ನು ಗುಡಿಸಿತು. ನಾನು ಬಿದ್ದೆ. ಚೆನ್ನಾಗಿಯೇ ಬಿದ್ದೆ, ಗದ್ದ ಒತ್ತಿ, ಪಕ್ಕಕ್ಕೆ ಉರುಳಿ. ಕಣ್ಣು ಬಿಟ್ಟಾಗ ಎದುರಿಗೆ ಅದೇ ಎರಡು ಕೈ.

"ಅಯ್ಯೋ, ಹೂಂ, ಏಳಕ್ಕ."

"ಕೈ ತೆಗಿಯೇ" ಎಂದು ಅವಳ ಕೈಯನ್ನು ಹೊಡೆದು ಸರಿಸಿದೆ. ದನಿ ಆನೆ ಓಡಿಸುವ ದನಿಯೇ. "ಅಡುಗೆಮನೆ ತಗೊಂಡೆ. ಅತ್ತೆನ ತಗೊಂಡೆ. ನಾನ್ ಹೆತ್ತ ಮಗಳನ್ನ ತಗೊಂಡೆ. ನಾನು ಏಳೋದೂ ನಿನ್ ಕೈಲೇ ಇರಬೇಕೇನೇ? ಅದೊಂದಾದ್ರೂ ನಂಗೆ ಬಿಡು!"

ಮಕ್ಕಳು ಬಾಯಿ ತೆರೆದು ಕೂತಿದ್ದವು. ಮಾಸ್ಟರ್ ಮುಂದೆ ಬರಲಿಲ್ಲ. ನನಗೆ ಅಲ್ಲಿಂದ ಹೊರಗೆ ಹೋಗಿಬಿಡಬೇಕಿತ್ತು, ಅಷ್ಟೇ ಗೊತ್ತಿದ್ದದ್ದು. ಮಗ್ಗುಲಾದೆ, ಮಂಡಿಯೂರಿದೆ, ಇನ್ನೊಂದು ಪಾದವನ್ನು ಎಳೆದು ಮುಂದಿಟ್ಟೆ, ಅಂಗೈಯನ್ನು ತೊಡೆಗೆ ಒತ್ತಿದೆ. ಬಾಗಿಲ ಕಡೆಗೆ ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಿರಿ ಕಿರುಚಿದ್ದು ಕೇಳಿಸಿತು.

"ಅಮ್ಮಾ, ನೀನೇ ಎದ್ದೆ!"

ತಿರುಗಿ ನೋಡಿದೆ. ಟಾರ್ಪಾಲಿನ ಮೇಲೆ ನಾನಿರಲಿಲ್ಲ. ಕಾವ್ಯ ಮಾತ್ರ ಅಲ್ಲೇ ಬಗ್ಗಿ ನಿಂತಿದ್ದಳು. ಕೈ ಎರಡೂ ಇನ್ನೂ ಚಾಚಿಕೊಂಡೇ ಇದ್ದವು.

ಪ್ರೀತಿ ನನ್ನನ್ನು ಎಬ್ಬಿಸಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಎಬ್ಬಿಸಿದ್ದು ಹೊಟ್ಟೆಕಿಚ್ಚು. ಕಾಲಿಗೆ ಬಲ ಅಷ್ಟೊತ್ತಿಗೆ ಬಂದೇ ಇತ್ತು, ಹಿಂದಕ್ಕೆ ನಡೆದು, ಕುಗ್ಗಿ ನಿಂತು, ಉರುಳಿ ಉರುಳಿ ಬಂದಿತ್ತು, ಚಾಚಿದ ಕೈ ಇದ್ದುದರಿಂದ ಅದು ನನಗೆ ಗೊತ್ತಾಗಿರಲಿಲ್ಲ ಎಂದು ಫಿಸಿಯೋ ಹುಡುಗಿ ಆಮೇಲೆ ಹೇಳಿದಳು. ಇದ್ದರೂ ಇರಬಹುದು. ಆ ದಿನ ಮಾತ್ರ ಮನೆಗೆ ಹೋಗುವ ದಾರಿಯುದ್ದಕ್ಕೂ ಸ್ಕೂಟರಿನಲ್ಲಿ ಕಾವ್ಯಳನ್ನು ಹಿಡಿದುಕೊಳ್ಳದೆ ಹಿಂದಿನ ಕಂಬಿ ಹಿಡಿದು ಕೂತೆ.

ಮನೆಯಲ್ಲಿ ಸಿರಿ ಎಲ್ಲರೆದುರು ನನ್ನನ್ನು ಕೂರಿಸಿ ಏಳಿಸಿ, ಕೂರಿಸಿ ಏಳಿಸಿ ತೋರಿಸಿದಳು. ನಮ್ಮನೆಯವರು ಮುಖ ತೊಳೆದುಕೊಂಡು ಬರುತ್ತೇನೆಂದು ಬಚ್ಚಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಅತ್ತೆ "ಸಾಕು ಕಣವ್ವ, ಎಷ್ಟು ಸಲ ಏಳ್ತೀಯ, ಯಾರಾದ್ರ ಕಣ್ಣು ಬಿದ್ದಾತು" ಎಂದು ಮೆಣಸಿನಕಾಯಿ ಹುಡುಕಲು ಎದ್ದರು. ಕಾವ್ಯ ಅಲ್ಲಿರಲಿಲ್ಲ. ಜಗಲಿಯ ತುದಿಯಲ್ಲಿ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ನಾನು ಹೋಗಿ ಅವಳ ಪಕ್ಕ ನೆಲದಲ್ಲೇ ಕೂತೆ. ಇಬ್ಬರೂ ಸುಲಿದೆವು. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು.

"ಅಕ್ಕ, ನೀನು ಎದ್ದಾಗ ನಂಗೆ ಸಂತೋಷ ಆಯ್ತು ಅಂತ ಹೇಳ್ಬೇಕು."

"ಹೇಳು ಮತ್ತೆ."

"ಆಯ್ತು. ಇಲ್ಲ ಅನ್ನಲ್ಲ. ಆದ್ರೆ ಹೊಟ್ಟೆ ಉರೀತು ಕಣಕ್ಕ." ಅವಳು ಕೈಯಲ್ಲಿದ್ದ ಸಿಪ್ಪೆಯನ್ನೇ ನೋಡುತ್ತಿದ್ದಳು. "ನೀನು ಮಲಗಿದ್ದಾಗ ನಾನು ಈ ಮನೇಲಿ ಏನೋ ಆಗಿದ್ದೆ. ಸಿರಿ ಸ್ಕೂಲಿಂದ ಬಂದು ನನ್ ಹತ್ರ ಓಡಿ ಬರೋಳು. ಇನ್ನು ನೀನು ಎದ್ದು ಓಡಾಡ್ತೀಯ. ನಂಗೇನಿರತ್ತೆ? ನೀನು ಬೇಗ ಹುಷಾರಾಗ್ಲಿ ಅಂತ ದೀಪ ಹಚ್ಚಿದೀನಿ. ಇಷ್ಟು ಬೇಗ ಬೇಡ ಅಂತಲೂ ಅನ್ಸಿದೆ. ಎರಡೂ ನಾನೇ."

ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಹತ್ತಿರ ಎಲ್ಲರೂ ಒಳ್ಳೆಯ ಮಾತೇ ಆಡಿದ್ದರು. ಅದರಲ್ಲಿ ಒಂದೂ ನನ್ನ ಮೈಗೆ ಹತ್ತಿರಲಿಲ್ಲ, ಇದು ಹತ್ತಿತು. ಅವಳ ಮೊಣಕೈಗೆ ನನ್ನ ಮೊಣಕೈ ತಾಗಿಸಿ ಕೂತೆ. ಅವಳು ಸರಿಯಲಿಲ್ಲ.

ಒಳಗಿನಿಂದ ಸಿರಿಯ ದನಿ ಬಂತು. "ಚಿಕ್ಕಮ್ಮಾ, ಒಂದ್ನಿಮಿಷ ಬಾ ಇಲ್ಲಿ!"

ಕಾವ್ಯ ಏಳಲಿಲ್ಲ. ನನ್ನ ಮುಖ ನೋಡಿದಳು. ನನ್ನ ಹೊಟ್ಟೆ ಉರಿಯಿತು, ಮೊದಲಿನಷ್ಟೇ.

"ನಿನ್ನನ್ನೇ ಕರೆದದ್ದು. ಹೋಗು" ಎಂದೆ.

ಅವಳು ಎದ್ದು ಒಳಗೆ ಹೋದಳು. ನಾನೂ ಏಳಬಹುದಿತ್ತು. ಕೂತೇ ಇದ್ದೆ.